ಬಾಸೆಲ್‌ನ ಬೀದಿ ಪೋಸ್ಟರ್‌ಗಳು: ಸ್ವಿಸ್ ಡಿಸೈನ್ ಅಂದರೆ ಬರೀ ಗ್ರಿಡ್ ಅಲ್ಲ

ರೇಖಾಪ್ರಿಯ:

ನಮ್ಮಲ್ಲಿ ಗ್ರಾಫಿಕ್ ಡಿಸೈನ್ ಕಲಿತವರನ್ನು ಸ್ವಿಸ್ ಸ್ಟೈಲ್ ಅಂದರೆ ಏನು ಅಂತ ಕೇಳಿ ನೋಡಿ. ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತದೆ. ಗ್ರಿಡ್ (ಹಾಳೆಯನ್ನು ಲೆಕ್ಕವಾಗಿ ಭಾಗ ಮಾಡುವ ಗೆರೆಗಳ ಜಾಲ), ಹೆಲ್ವೆಟಿಕಾ ಎಂಬ ಅಕ್ಷರಶೈಲಿ, ಎಡಕ್ಕೆ ಜೋಡಿಸಿದ ಸಾಲುಗಳು, ಜಾಸ್ತಿ ಖಾಲಿ ಜಾಗ, ಒಂದು ಕಪ್ಪು-ಬಿಳುಪು ಫೋಟೋ. ಇದು ಅರ್ಧ ಕಥೆ. ಉಳಿದ ಅರ್ಧ ನನಗೆ ತುಂಬಾ ಇಷ್ಟ. ಅದರ ಬಗ್ಗೆ ಕನ್ನಡದಲ್ಲಿ ಮಾತಾಡೋಣ ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ.

1940, 50ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಬೀದಿಯಲ್ಲಿ ನಡೆದು ಹೋಗುವವರ ಕಣ್ಣಿಗೆ ಏನು ಬೀಳುತ್ತಿತ್ತು? ದೊಡ್ಡ ಬಾಟಲಿ, ಸೋಪು, ಗಿಳಿ, ಹೊಲಿಗೆ ದಾರದ ಜಾಹೀರಾತಿನ ಬೆಕ್ಕು. ಎಲ್ಲವೂ ಕೈಯಲ್ಲಿ ಬರೆದ ಚಿತ್ರಗಳು. ಎಲ್ಲವೂ ಬಣ್ಣದಲ್ಲಿ. ಒಂದು ಪೋಸ್ಟರಿಗೆ ಒಂದೇ ವಸ್ತು, ಅದರ ಕೆಳಗೋ ಪಕ್ಕದಲ್ಲೋ ಒಂದೇ ಹೆಸರು. ಅಷ್ಟೇ.

ಇದರ ಬೇರು ಸ್ವಲ್ಪ ಹಿಂದಿದೆ. 1905ರ ಹೊತ್ತಿಗೆ ಬರ್ಲಿನ್‌ನಲ್ಲಿ ಲೂಸಿಯನ್ ಬರ್ನ್‌ಹಾರ್ಡ್ ಪ್ರೀಸ್ಟರ್ ಬೆಂಕಿಪೊಟ್ಟಣಕ್ಕೆ ಒಂದು ಪೋಸ್ಟರ್ ಮಾಡಿದ. ಎರಡು ಬೆಂಕಿಕಡ್ಡಿ, ಒಂದು ಹೆಸರು, ಬೇರೇನೂ ಇಲ್ಲ. ಸ್ವಿಟ್ಜರ್ಲೆಂಡಿನವರು ಈ ದಾರಿಯನ್ನು ಹಿಡಿದು ಇನ್ನೂ ಮುಂದೆ ಹೋದರು. 1923ರಲ್ಲಿ ಒಟ್ಟೋ ಬೌಂಬರ್ಗರ್ ಪಿಕೆಝಡ್ ಎಂಬ ಬಟ್ಟೆ ಅಂಗಡಿಗೆ ಒಂದು ಕೋಟು ಬರೆದರು. ಪೂರ್ತಿ ಕೋಟು ಕೂಡ ಅಲ್ಲ, ಅದರ ಒಂದು ಭಾಗ. ಉಣ್ಣೆಯ ಎಳೆ ಎಳೆ ಕಾಣುತ್ತದೆ, ಒಳಗಿನ ಲೈನಿಂಗ್ ಹೊಳೆಯುತ್ತದೆ. ಅಂಗಡಿಯ ಹೆಸರು ಎಲ್ಲಿದೆ ಗೊತ್ತಾ? ಕೋಟಿನ ಒಳಗೆ ಹೊಲಿದ ಲೇಬಲ್ ಮೇಲೆ. ಪೋಸ್ಟರಿನಲ್ಲಿ ಬೇರೆ ಅಕ್ಷರವೇ ಇಲ್ಲ.

ಅದೇ ಅಂಗಡಿಗೆ 1934ರಲ್ಲಿ ಬಾಸೆಲ್‌ನ ಪೀಟರ್ ಬಿರ್ಕ್‌ಹೊಯ್ಸರ್ ಇನ್ನೂ ಹತ್ತಿರ ಹೋದರು. ಅವರು ಬರೆದದ್ದು ಒಂದು ಗುಂಡಿ. ಕೋಟಿನ ಒಂದೇ ಒಂದು ಗುಂಡಿ, ಪೋಸ್ಟರ್ ತುಂಬ. ಅದನ್ನು ಮೊದಲ ಸಲ ನೋಡಿದಾಗ ನನಗೆ ಉಸಿರು ನಿಂತ ಹಾಗಾಯಿತು. ಇಷ್ಟು ಸಣ್ಣ ವಸ್ತುವಿಗೆ ಇಷ್ಟು ಗೌರವ ಕೊಡುವ ಚಿತ್ರ ನಾನು ಬೇರೆ ನೋಡಿಲ್ಲ.

ಬಾಸೆಲ್‌ನಲ್ಲಿ ಇದೇ ದಾರಿಯಲ್ಲಿ ನಡೆದ ಇತರರು ನಿಕ್ಲೌಸ್ ಸ್ಟೋಕ್ಲಿನ್, ಡೊನಾಲ್ಡ್ ಬ್ರೂನ್, ಫ್ರಿಟ್ಸ್ ಬ್ಯೂಲರ್, ಮತ್ತೆ ನನ್ನ ಮೆಚ್ಚಿನ ಹರ್ಬರ್ಟ್ ಲೊಯ್ಪಿನ್. ಲೊಯ್ಪಿನ್ ಹುಟ್ಟಿದ್ದು 1916ರಲ್ಲಿ. ಬಾಸೆಲ್‌ನಲ್ಲಿ ಕಲಿತು, ಪ್ಯಾರಿಸ್‌ನಲ್ಲಿ ಪೋಸ್ಟರ್ ಕಲಾವಿದ ಪಾಲ್ ಕೊಲಾನ್ ಅವರ ಹತ್ತಿರವೂ ಕಲಿತು ಬಂದವರು. ಶುರುವಿನಲ್ಲಿ ಅವರ ಕೆಲಸ ಕನ್ನಡಿಯಷ್ಟು ಸ್ಪಷ್ಟ. ಗಾಜಿನ ಮೇಲಿನ ಹೊಳಪು, ಲೋಹದ ತಣ್ಣಗಿನ ಬೆಳಕು, ಎಲ್ಲ ಇರುತ್ತಿತ್ತು. 50ರ ದಶಕಕ್ಕೆ ಬರುವಷ್ಟರಲ್ಲಿ ಕೈ ಸಡಿಲವಾಯಿತು, ನಗು ಬಂತು. ಪೆಪಿಟಾ ಎಂಬ ತಂಪು ಪಾನೀಯಕ್ಕೆ ಗಿಳಿ ಬರೆದರು. 1955ರಲ್ಲಿ ಒಂದು ದಿನಪತ್ರಿಕೆಗೆ, ಟ್ರಿಬ್ಯೂನ್ ದ ಲೋಸಾನ್‌ಗೆ, ಪತ್ರಿಕೆಯ ಹಾಳೆಯಿಂದಲೇ ಆದ ಕಾಫಿ ಪಾತ್ರೆ ಬರೆದರು. ಬೆಳಗಿನ ಪೇಪರು, ಬೆಳಗಿನ ಕಾಫಿ. ಅದನ್ನು ವಿವರಿಸಲು ಒಂದು ಮಾತೂ ಬೇಕಿಲ್ಲ. ನಮಗಂತೂ ಬೇಡವೇ ಬೇಡ, ಅಲ್ವಾ?

ನನ್ನ ಪ್ರಶ್ನೆ ಇದು. ಇಷ್ಟು ಒಳ್ಳೆಯ ಕೆಲಸ ಕಲಿಕೆಯ ಪುಸ್ತಕಗಳಿಂದ ಹೇಗೆ ಜಾರಿಹೋಯಿತು? ಗ್ರಿಡ್ ಮಾತ್ರ ಯಾಕೆ ಉಳಿಯಿತು?

ಚೌಕಟ್ಟು:

ಒಳ್ಳೆಯ ವಿಷಯ ಎತ್ತಿದ್ದೀರಿ. ಆದರೆ ನಾನು ಗ್ರಿಡ್ ಕಡೆಯವನು, ಹಾಗಾಗಿ ಸ್ವಲ್ಪ ವಾದ ಮಾಡುತ್ತೇನೆ.

ಗ್ರಿಡ್ ಸುಮ್ನೆ ಉಳಿಯಲಿಲ್ಲ. ಅದರ ಹಿಂದೆ ಒಂದು ನಿಲುವು ಇತ್ತು. ಜ್ಯೂರಿಕ್‌ನ ಡಿಸೈನರ್ ಯೋಸೆಫ್ ಮ್ಯೂಲರ್-ಬ್ರೋಕ್‌ಮನ್ 1953ರಲ್ಲಿ ಸ್ವಿಸ್ ಆಟೊಮೊಬೈಲ್ ಕ್ಲಬ್ಬಿಗೆ ಮಾಡಿದ ಪೋಸ್ಟರ್ ನೋಡಿ. ಓಡುತ್ತಿರುವ ಒಂದು ಪುಟ್ಟ ಮಗು, ಅದರ ಮೇಲೆ ನುಗ್ಗಿ ಬರುವ ಹಾಗೆ ಒಂದು ದೊಡ್ಡ ಮೋಟಾರ್ ಸೈಕಲ್. ಮಗುವನ್ನು ಕಾಪಾಡಿ ಅಂತ ಬರೆದಿದೆ. ಫೋಟೋ ಬಿಟ್ಟು ಬೇರೆ ಯಾವುದರಿಂದಲೂ ಆ ಭಯ ಹುಟ್ಟುವುದಿಲ್ಲ. ಅದೇ ಚಿತ್ರವನ್ನು ಕೈಯಲ್ಲಿ ಬರೆದಿದ್ದರೆ, ಎಷ್ಟು ಚೆನ್ನಾಗಿ ಬರೆದಿದೆ ಅಂತ ಜನ ಚಿತ್ರಗಾರನನ್ನು ಮೆಚ್ಚಿ ಮುಂದೆ ಹೋಗುತ್ತಿದ್ದರು.

ಆಮೇಲೆ ಜ್ಯೂರಿಕ್‌ನ ಟೊನ್‌ಹಾಲೆ ಸಂಗೀತ ಸಭಾಂಗಣಕ್ಕೆ ಅವರು ಮಾಡಿದ ಸರಣಿ. 1955ರ ಬೀಥೋವನ್ ಪೋಸ್ಟರ್ ಎಲ್ಲರಿಗೂ ಗೊತ್ತು. ಬರೀ ಕಮಾನುಗಳು ಸುತ್ತುತ್ತಾ ದೊಡ್ಡದಾಗುತ್ತವೆ, ಕೆಳಗೆ ಹೆಲ್ವೆಟಿಕಾ. ಸಂಗೀತವನ್ನು ಪಿಟೀಲಿನ ಚಿತ್ರ ಬರೆಯದೆ ತೋರಿಸಿದ್ದಾರೆ. ಇದಕ್ಕೂ ಸೋಪಿನ ಚಿತ್ರಕ್ಕೂ ಒಂದೇ ತೂಕ ಕೊಡಲು ನನ್ನಿಂದ ಆಗಲ್ಲ.

ರೈನ್ ತೀರ:

ನಾನು ಬಾಸೆಲ್‌ನಲ್ಲೇ ಇರುವವಳು. ಈ ಚರ್ಚೆ ನೋಡಿ ತುಂಬಾ ಖುಷಿಯಾಯಿತು.

ಮೊದಲು ಚೌಕಟ್ಟು ಅವರಿಗೆ ಒಂದು ಮಾತು. ಬೀಥೋವನ್ ಪೋಸ್ಟರ್ 1955ರದ್ದು. ಹೆಲ್ವೆಟಿಕಾ ಬಂದದ್ದು 1957ರಲ್ಲಿ, ಅದೂ ನೊಯೆ ಹಾಸ್ ಗ್ರೊಟೆಸ್ಕ್ ಎಂಬ ಹೆಸರಲ್ಲಿ. ಹೆಲ್ವೆಟಿಕಾ ಅಂತ ಹೆಸರಿಟ್ಟದ್ದು 1960ರಲ್ಲಿ. ಮ್ಯೂಲರ್-ಬ್ರೋಕ್‌ಮನ್ ಬಳಸುತ್ತಿದ್ದದ್ದು ಅದಕ್ಕಿಂತ ಹಳೆಯ, ಬರ್ಲಿನ್‌ನ ಆಕ್ಸಿಡೆನ್ಟ್ಸ್ ಗ್ರೊಟೆಸ್ಕ್. ಇನ್ನೊಂದು ವಿಷಯ ಏನೆಂದರೆ, ಹೆಲ್ವೆಟಿಕಾ ಹುಟ್ಟಿದ ಹಾಸ್ ಅಚ್ಚುಮೊಳೆ ಕಾರ್ಖಾನೆ ಇದ್ದದ್ದು ಮ್ಯುಂಚೆನ್‌ಸ್ಟೈನ್‌ನಲ್ಲಿ. ಅದು ಬಾಸೆಲ್‌ಗೆ ಅಂಟಿಕೊಂಡೇ ಇರುವ ಊರು. ಗಿಳಿ ಬರೆದ ಲೊಯ್ಪಿನ್, ಹೆಲ್ವೆಟಿಕಾ ಎರಕ ಹೊಯ್ದ ಕಾರ್ಖಾನೆ, ಎರಡೂ ಒಂದೇ ಪೇಟೆಯ ಸುತ್ತಮುತ್ತ ಇದ್ದವು.

ಈಗ ಪೋಸ್ಟರಿನ ಅಳತೆಯ ಬಗ್ಗೆ ಹೇಳಲೇಬೇಕು. ಇದನ್ನು ಬಿಟ್ಟರೆ ಈ ಪೋಸ್ಟರ್‌ಗಳು ಹೀಗೇ ಯಾಕಿವೆ ಅಂತ ತಿಳಿಯುವುದಿಲ್ಲ.

ಆ ಕಾಲದಲ್ಲಿ ಇಲ್ಲಿ ಬೀದಿಯ ಪೋಸ್ಟರಿಗೆ ಒಂದೇ ಅಳತೆ. 90.5 ಸೆಂಟಿಮೀಟರ್ ಅಗಲ, 128 ಸೆಂಟಿಮೀಟರ್ ಎತ್ತರ. ವಿಶ್ವ ಅಳತೆ ಅಂತ ಕರೆಯುತ್ತಿದ್ದರು. ನೊಬೆಲ್ ಬಹುಮಾನ ಪಡೆದ ಜರ್ಮನ್ ರಸಾಯನಶಾಸ್ತ್ರಜ್ಞ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಮತ್ತು ಅವರ ಸಂಗಡಿಗರು 1911ರ ಹೊತ್ತಿಗೆ ಇದನ್ನು ಮುಂದಿಟ್ಟರು. ಪ್ರಪಂಚದ ಕಾಗದವೆಲ್ಲ ಒಂದೇ ಲೆಕ್ಕದಲ್ಲಿ ಇರಲಿ ಅನ್ನುವುದು ಅವರ ಆಸೆ. ಪ್ರಪಂಚ ಕೇಳಲಿಲ್ಲ. ಸ್ವಿಟ್ಜರ್ಲೆಂಡ್ ಮಾತ್ರ ಪೋಸ್ಟರಿಗೆ ಅದನ್ನು ಹಿಡಿದುಕೊಂಡಿತು. ಪೋಸ್ಟರ್ ಅಂಟಿಸುವ ಕೆಲಸವನ್ನು 1900ರಲ್ಲಿ ಶುರುವಾದ ಎಪಿಜಿ ಎಂಬ ಕಂಪನಿ ನೋಡಿಕೊಳ್ಳುತ್ತಿತ್ತು. ಊರಿನಲ್ಲಿ ಎಲ್ಲಿ ಬೇಕೋ ಅಲ್ಲಿ ಅಂಟಿಸುವ ಹಾಗಿರಲಿಲ್ಲ. ಗೊತ್ತುಮಾಡಿದ ಹಲಗೆ, ಗೊತ್ತುಮಾಡಿದ ಅಳತೆ, ಸಾಲಾಗಿ.

ಇದರ ಪರಿಣಾಮ ಏನಾಯಿತು ಯೋಚಿಸಿ. ದೊಡ್ಡ ಕಂಪನಿ ದುಡ್ಡು ಕೊಟ್ಟು ದೊಡ್ಡ ಹೋರ್ಡಿಂಗ್ ಹಾಕಿಸಲು ಆಗುತ್ತಿರಲಿಲ್ಲ. ಸೋಪು, ಸರ್ಕಸ್, ಸಂಗೀತ ಕಛೇರಿ, ಚುನಾವಣೆ, ಎಲ್ಲವೂ ಪಕ್ಕಪಕ್ಕದಲ್ಲಿ ಒಂದೇ ಅಳತೆಯಲ್ಲಿ ನಿಲ್ಲಬೇಕಿತ್ತು. ಹಾಗಾದಾಗ ಗೆಲ್ಲಲು ಇರುವುದು ಒಂದೇ ದಾರಿ. ಒಳ್ಳೆಯ ಚಿತ್ರ, ಒಳ್ಳೆಯ ಯೋಚನೆ. 1941ರಿಂದ ಸರ್ಕಾರವೇ ಪ್ರತಿ ವರ್ಷ ಒಳ್ಳೆಯ ಪೋಸ್ಟರ್‌ಗಳನ್ನು ಆರಿಸಿ ಗೌರವಿಸಲು ಶುರು ಮಾಡಿತು. ಬೀದಿ ಗೋಡೆಯೇ ಜನರ ಚಿತ್ರಶಾಲೆ ಅನ್ನುವ ಭಾವನೆ ಇಲ್ಲಿನವರಿಗೆ ನಿಜವಾಗಿಯೂ ಇತ್ತು.

ಟ್ರಾಮ್ ನಿಲ್ದಾಣಗಳ ಹತ್ತಿರ ಇವತ್ತಿಗೂ ಹೆಚ್ಚುಕಡಿಮೆ ಅದೇ ಅಳತೆಯ ಪೋಸ್ಟರ್ ಕಾಣುತ್ತವೆ.

ರೇಖಾಪ್ರಿಯ:

ಅಳತೆಯ ಮಾತು ಎಷ್ಟು ಚೆನ್ನಾಗಿ ಹೇಳಿದಿರಿ! ನಮ್ಮ ಬೆಂಗಳೂರಿನಲ್ಲಿ ಯಾರ ಫ್ಲೆಕ್ಸ್ ದೊಡ್ಡದು ಅನ್ನುವುದರ ಮೇಲೆಯೇ ಎಲ್ಲ ನಿಂತಿದೆ. ಅಲ್ಲಿ ದೊಡ್ಡದಾಗುವ ದಾರಿಯನ್ನೇ ಮುಚ್ಚಿದ್ದರು.

ಚೌಕಟ್ಟು ಅವರೇ, ನಿಮ್ಮ ಮಾತಿಗೆ ಬರುತ್ತೇನೆ. ಆ ಮಗುವಿನ ಪೋಸ್ಟರನ್ನು ಬಿರ್ಕ್‌ಹೊಯ್ಸರ್ ಅವರ ಗುಂಡಿಯ ಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ಒಂದೇ ಉಪಾಯ ಇದೆ. ಒಂದು ವಸ್ತುವನ್ನು ಹತ್ತಿರದಿಂದ ನೋಡುವುದು, ಅದನ್ನು ಹಾಳೆಯಾಚೆಗೂ ಚಾಚಿಕೊಳ್ಳುವಷ್ಟು ದೊಡ್ಡದು ಮಾಡುವುದು, ಮಾತು ಕಡಿಮೆ ಮಾಡುವುದು. ಮೋಟಾರ್ ಸೈಕಲ್ಲಿನ ಚಕ್ರ ಆ ಗುಂಡಿಯ ತಮ್ಮ. ಮ್ಯೂಲರ್-ಬ್ರೋಕ್‌ಮನ್ ಆಕಾಶದಿಂದ ಇಳಿದು ಬಂದವರಲ್ಲ. ಅವರೂ ಶುರು ಮಾಡಿದ್ದು ಚಿತ್ರಗಾರರಾಗಿಯೇ. 40ರ ದಶಕದಲ್ಲಿ ಪ್ರದರ್ಶನಗಳಿಗೆ, ನಾಟಕದ ರಂಗಕ್ಕೆ ಕೈಚಿತ್ರ ಬರೆದವರು. 1950ರ ಆಸುಪಾಸಿನಲ್ಲಿ ಅದನ್ನು ಬಿಟ್ಟು ಗ್ರಿಡ್ ಕಡೆ ಹೋದರು.

ಸೋಪಿಗೆ ಸಂಗೀತದಷ್ಟು ತೂಕ ಯಾಕೆ ಅಂದಿರಿ. ನಾನು ವಸ್ತುವಿಗೆ ತೂಕ ಕೊಡುತ್ತಿಲ್ಲ, ನೋಟಕ್ಕೆ ಕೊಡುತ್ತಿದ್ದೇನೆ. ಸೋಪನ್ನು ಅಷ್ಟು ಗಮನ ಇಟ್ಟು ನೋಡಿದವರು ಇದ್ದರಲ್ಲ, ಅದು ನನಗೆ ದೊಡ್ಡದು.

ಗದಗಿನ ಅಚ್ಚುಮನೆ:

ನಮಸ್ಕಾರ. ನಾನು ಡಿಸೈನರ್ ಅಲ್ಲ, ಮುದ್ರಣದ ಕೆಲಸದವನು. ಆಫ್‌ಸೆಟ್ ಮಷಿನ್ ಮುಂದೆಯೇ ಆಯುಷ್ಯ ಕಳೆದಿದ್ದೇನೆ. ಈ ಪೋಸ್ಟರ್‌ಗಳ ಬಗ್ಗೆ ಮಾತಾಡುವಾಗ ಅಚ್ಚಿನ ಕೆಲಸಗಾರನನ್ನು ಯಾರೂ ನೆನೆಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈ ಕೈಚಿತ್ರದ ಪೋಸ್ಟರ್‌ಗಳಲ್ಲಿ ಹೆಚ್ಚಿನವು ಕಲ್ಲಚ್ಚು. ಸುಣ್ಣಕಲ್ಲಿನ ದಪ್ಪ ಚಪ್ಪಡಿ, ಅದೂ ಬವೇರಿಯಾದ ಜೋಲ್ನ್‌ಹೋಫನ್ ಎಂಬಲ್ಲಿ ಸಿಗುವ ಕಲ್ಲೇ ಶ್ರೇಷ್ಠ. ಅದರ ಮೇಲೆ ಜಿಡ್ಡಿನ ಶಾಯಿಯಿಂದ ಅಥವಾ ಜಿಡ್ಡಿನ ಕಡ್ಡಿಯಿಂದ ಬರೆಯಬೇಕು. ಆಮೇಲೆ ಕಲ್ಲಿಗೆ ನೀರು ಸವರಬೇಕು. ಜಿಡ್ಡು ಇರುವ ಕಡೆ ನೀರು ನಿಲ್ಲುವುದಿಲ್ಲ, ಇಲ್ಲದ ಕಡೆ ನಿಲ್ಲುತ್ತದೆ. ಮೇಲೆ ಇಂಕಿನ ರೋಲರ್ ಉರುಳಿಸಿದರೆ ಇಂಕು ಜಿಡ್ಡಿಗೆ ಮಾತ್ರ ಹಿಡಿಯುತ್ತದೆ. ನಾವು ಇವತ್ತು ಆಫ್‌ಸೆಟ್‌ನಲ್ಲಿ ಮಾಡುವುದೂ ಇದನ್ನೇ. ಕಲ್ಲಿನ ಬದಲು ಅಲ್ಯೂಮಿನಿಯಂ ಪ್ಲೇಟ್ ಬಂದಿದೆ, ನಡುವೆ ರಬ್ಬರ್ ಬ್ಲಾಂಕೆಟ್ ಬಂದಿದೆ.

ಆದರೆ ಬಣ್ಣದ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಇದೆ. ನಾವು ಎಲ್ಲ ಬಣ್ಣವನ್ನೂ ನಾಲ್ಕು ಬಣ್ಣದ ಚುಕ್ಕಿಗಳಲ್ಲಿ ಒಡೆಯುತ್ತೇವೆ. ಆ ಕಾಲದ ಕಲ್ಲಚ್ಚಿನಲ್ಲಿ ಹಾಗಲ್ಲ. ಚಿತ್ರಗಾರ ಒಂದು ಪೇಂಟಿಂಗ್ ಕೊಡುತ್ತಾನೆ. ಕಲ್ಲಚ್ಚಿನ ಕುಶಲಕರ್ಮಿ ಅದನ್ನು ಕಣ್ಣಲ್ಲೇ ಬಿಡಿಸುತ್ತಾನೆ. ಈ ಹಸಿರಿಗೆ ಒಂದು ಕಲ್ಲು, ಈ ಬೂದು ಬಣ್ಣಕ್ಕೆ ಒಂದು, ಹೊಳಪಿನ ಕೆಳಗಿನ ತೆಳು ಹಳದಿಗೆ ಇನ್ನೊಂದು. ಪ್ರತಿ ಕಲ್ಲಿನ ಮೇಲೂ ಆ ಬಣ್ಣಕ್ಕೆ ಸೇರಿದ ಭಾಗವನ್ನು ಮಾತ್ರ ಕೈಯಲ್ಲಿ, ಅದೂ ಎಡಬಲ ಉಲ್ಟಾ ಮಾಡಿ ಬರೆಯಬೇಕು. ಇಂಕನ್ನೂ ಆ ಕೆಲಸಕ್ಕಾಗಿಯೇ ಕಲಸಬೇಕು. ಒಂದು ಕಲ್ಲು ಕೂದಲೆಳೆಯಷ್ಟು ಸರಿದರೂ ರಿಜಿಸ್ಟರ್ (ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವುದು) ತಪ್ಪಿತು, ಗಾಜಿನ ಹೊಳಪು ಹೋಯಿತು.

ಅದಕ್ಕೇ ಆ ಬಾಟಲಿಗಳು ಹಾಗೆ ಹೊಳೆಯುವುದು. ಭೂತಗನ್ನಡಿ ಹಿಡಿದು ನೋಡಿದರೆ ನಮ್ಮ ಸಾಲು ಸಾಲು ಚುಕ್ಕಿ ಸಿಗುವುದಿಲ್ಲ. ತುಂಬಿದ ಬಣ್ಣ ಸಿಗುತ್ತದೆ. ಬಾಸೆಲ್‌ನ ವಾಸರ್‌ಮನ್, ಜ್ಯೂರಿಕ್‌ನ ವೋಲ್ಫೆನ್ಸ್‌ಬರ್ಗರ್, ಇಂಥ ಅಚ್ಚುಮನೆಗಳ ಹೆಸರು ಪೋಸ್ಟರಿನ ಅಂಚಿನಲ್ಲಿ ಸಣ್ಣದಾಗಿ ಇರುತ್ತದೆ. ಕಲ್ಲಿನ ಮೇಲೆ ಬರೆದವನ ಹೆಸರು ಮಾತ್ರ ಇರುವುದಿಲ್ಲ. ಅದು ನನಗೆ ಬೇಸರದ ವಿಷಯ.

ಫೋಟೋ ಇಟ್ಟರೆ ಆಗುತ್ತಿರಲಿಲ್ಲವೇ ಅಂತ ಕೇಳಬಹುದು. ಆಗಿನ ಬಣ್ಣದ ಫೋಟೋವನ್ನು ಆ ಅಳತೆಗೆ ಹಿಗ್ಗಿಸಿ, ಬೀದಿಯ ಆಚೆ ಬದಿಯಿಂದ ನೋಡಿದರೂ ಬಾಯಲ್ಲಿ ನೀರೂರುವ ಹಾಗೆ ಅಚ್ಚು ಹಾಕುವುದು ಸುಲಭದ ಮಾತಲ್ಲ. ಆ ಕೆಲಸ ಕೈಯೇ ಚೆನ್ನಾಗಿ ಮಾಡುತ್ತಿತ್ತು.

ಕರಾವಳಿ ಓದುಗ:

ಅಚ್ಚುಮನೆ ಸರ್, ನಿಮ್ಮ ಮಾತು ಓದಿ ಒಂದು ವಿಷಯ ಹೇಳದೆ ಇರಲಾರೆ. ಬಾಸೆಲ್ ಹೆಸರು ನಮ್ಮ ಮಂಗಳೂರಿನವರಿಗೆ ಹೊಸದಲ್ಲ. ಬಾಸೆಲ್ ಮಿಷನ್‌ನವರು 1834ರಲ್ಲಿ ಇಲ್ಲಿಗೆ ಬಂದರು, 1841ರಲ್ಲಿ ಅಚ್ಚುಕೂಟ ಶುರು ಮಾಡಿದರು. ಶುರು ಮಾಡಿದ್ದೂ ಕಲ್ಲಚ್ಚಿನಿಂದಲೇ. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ, ಹರ್ಮನ್ ಮೋಗ್ಲಿಂಗ್ 1843ರ ಜುಲೈನಲ್ಲಿ ಹೊರಡಿಸಿದ್ದು, ಅದೂ ಕಲ್ಲಚ್ಚಿನಲ್ಲೇ ಬಂತು. ಕನ್ನಡ ಅಕ್ಷರಗಳನ್ನು ಕಲ್ಲಿನ ಮೂಲಕ ಅಚ್ಚು ಹಾಕಿದರು.

ಲೊಯ್ಪಿನ್‌ಗೂ ಇದಕ್ಕೂ ನೇರ ಸಂಬಂಧ ಇಲ್ಲ, ನೂರು ವರ್ಷದ ಅಂತರ ಇದೆ. ಆದರೂ ಅದೇ ಊರಿನ ಹೆಸರು, ಅದೇ ವಿದ್ಯೆ ನಮ್ಮ ಮೊದಲ ಪತ್ರಿಕೆಯ ಹಿಂದೆ ಇದೆ ಅನ್ನುವುದು ನನಗೆ ಹೆಮ್ಮೆಯ ಸಂಗತಿ.

ಹೊಸಪೆನ್ಸಿಲ್:

ನಾನು ಡಿಸೈನ್ ಎರಡನೇ ವರ್ಷ ಓದುತ್ತಿದ್ದೇನೆ. ಲೊಯ್ಪಿನ್ ಹೆಸರು ನಮ್ಮ ಕ್ಲಾಸಿನಲ್ಲಿ ಒಮ್ಮೆಯೂ ಬಂದಿಲ್ಲ. ಇವತ್ತು ಮಧ್ಯಾಹ್ನ ಹುಡುಕಿ ನೋಡುತ್ತಾ ಕೂತವಳು ಏಳಲೇ ಇಲ್ಲ. ಒಂದು ಸಂದೇಹ ಇದೆ. ಫ್ರಾನ್ಸಿನ ಸಾವಿನ್ಯಾಕ್ ಕೆಲಸವೂ ಇದೇ ಥರ ಕಾಣುತ್ತದೆ. ಅವರು ಇವರ ಗುಂಪಿನವರಾ?

ರೇಖಾಪ್ರಿಯ:

ಗುಂಪು ಬೇರೆ, ಕಾಲ ಒಂದೇ. ರೇಮಂಡ್ ಸಾವಿನ್ಯಾಕ್ ಹುಟ್ಟಿದ್ದು 1907ರಲ್ಲಿ ಪ್ಯಾರಿಸ್‌ನಲ್ಲಿ. ಪೋಸ್ಟರ್ ಕಲಾವಿದ ಕಸ್ಸಾಂಡ್ರ್ ಹತ್ತಿರ ಸಹಾಯಕರಾಗಿ ಕೆಲಸ ಮಾಡಿದವರು. ತುಂಬಾ ವರ್ಷ ಹೆಸರು ಬರಲಿಲ್ಲ. 1949ರಲ್ಲಿ ಗೆಳೆಯ ಬರ್ನಾರ್ಡ್ ವಿಲ್‌ಮೋ ಜೊತೆ ಪ್ರದರ್ಶನ ಮಾಡಿದರು. ಅಲ್ಲಿ ಮೊನ್‌ಸಾವೋನ್ ಸೋಪಿನ ಪೋಸ್ಟರ್ ಇತ್ತು. ಹಸುವಿನ ಕೆಚ್ಚಲಿನಿಂದ ಹಾಲು ಇಳಿದು ನೇರ ಸೋಪಾಗುತ್ತದೆ. ಅಷ್ಟೇ ಚಿತ್ರ. ಅಲ್ಲಿಂದ ಅವರ ಬದುಕೇ ಬದಲಾಯಿತು. ಬಿಕ್ ಪೆನ್ನಿನ ಮೇಲೆ ದುಂಡು ತಲೆಯ ಹುಡುಗ ಇದ್ದಾನಲ್ಲ, ಅವನೂ 60ರ ದಶಕದ ಶುರುವಿನಲ್ಲಿ ಸಾವಿನ್ಯಾಕ್ ಬರೆದ ಹುಡುಗನೇ. ಪೆನ್ನಿನ ತುದಿಯ ಗುಂಡೇ ಅವನ ತಲೆ.

ವಿಲ್‌ಮೋ ಮಾಡಿದ, ಒರಾಂಜಿನಾ ಎಂಬ ಕಿತ್ತಳೆ ಪಾನೀಯದ ಪೋಸ್ಟರನ್ನೂ ನೋಡಮ್ಮ, ಕಿತ್ತಳೆಯ ಸಿಪ್ಪೆ ಸುರುಳಿ ಬಿಚ್ಚಿಕೊಂಡು ಬಿಸಿಲ ಛತ್ರಿಯಾಗಿದೆ.

ಬಾಸೆಲ್‌ನವರ ಶುರು ವಸ್ತುವಿನಿಂದ. ಸಾವಿನ್ಯಾಕ್ ಶುರು ಎರಡು ವಸ್ತುಗಳ ಡಿಕ್ಕಿಯಿಂದ. ಹಸು ಮತ್ತು ಸೋಪು. 50ರ ದಶಕದ ಲೊಯ್ಪಿನ್ ಈ ಕಡೆಗೆ ಬಂದರು, ಪೇಪರಿನ ಕಾಫಿ ಪಾತ್ರೆ ಅದಕ್ಕೆ ಸಾಕ್ಷಿ.

ಪೋಲೆಂಡಿನ ಸಿನಿಮಾ ಪೋಸ್ಟರ್ ಬಗ್ಗೆ ಇಬ್ಬರು ನನಗೆ ಖಾಸಗಿಯಾಗಿ ಕೇಳಿದ್ದಾರೆ. ಅದು ಬೇರೆಯೇ ಲೋಕ. ಮಾರಾಟದ ಒತ್ತಡ ಇಲ್ಲದ ಕಡೆ ಹುಟ್ಟಿದ ಚಿತ್ರಗಳು. ಹೆನ್ರಿಕ್ ತೊಮಾಶೆವ್‌ಸ್ಕಿ 1948ರಲ್ಲಿ ವಿಯೆನ್ನಾದಲ್ಲಿ ಒಂದೇ ಪ್ರದರ್ಶನದಲ್ಲಿ ಐದು ಮೊದಲ ಬಹುಮಾನ ಗೆದ್ದವರು. ಅದಕ್ಕೆ ಪ್ರತ್ಯೇಕ ಚರ್ಚೆ ಬೇಕು, ಇಲ್ಲಿ ಬೇಡ.

ಬಾಲಚಿತ್ರ:

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು ನಾನು. ಈ ಪೋಸ್ಟರ್ ಚಿತ್ರಗಾರರನ್ನು ನಾನು ತಿಳಿದದ್ದು ಮಕ್ಕಳ ಪುಸ್ತಕಗಳ ಮೂಲಕ. ಅಲೋಯ್ಸ್ ಕಾರಿಜೆಟ್ ಪೋಸ್ಟರ್ ಕೆಲಸ ಮಾಡಿಕೊಂಡಿದ್ದವರು. ಆಮೇಲೆ ಆಲ್ಪ್ಸ್ ಹಳ್ಳಿಗೆ ಹೋಗಿ ನೆಲೆಸಿ, ಗಂಟೆ ಹುಡುಕಿಕೊಂಡು ಹಿಮದಲ್ಲಿ ಹೋಗುವ ಹುಡುಗ ಉರ್ಸ್ಲಿಯ ಕಥೆಗೆ 1945ರಲ್ಲಿ ಚಿತ್ರ ಬರೆದರು. ಕಥೆ ಸೆಲೀನಾ ಶೋನ್ಸ್ ಅವರದ್ದು. ಮಕ್ಕಳ ಚಿತ್ರಗಾರರಿಗೆ ಕೊಡುವ ಆಂಡರ್ಸನ್ ಪ್ರಶಸ್ತಿಯನ್ನು 1966ರಲ್ಲಿ ಮೊದಲ ಬಾರಿ ಕೊಟ್ಟಾಗ ಅದು ಕಾರಿಜೆಟ್‌ಗೆ ಬಂತು. ಲೊಯ್ಪಿನ್ ಕೂಡ 40ರ ದಶಕದಲ್ಲಿ ಗ್ರಿಮ್ ಸೋದರರ ಕಥೆಗಳಿಗೆ ಚಿತ್ರ ಬರೆದಿದ್ದಾರೆ.

ನನಗೆ ಹೇಳಬೇಕಾದದ್ದು ಚೆಲೆಸ್ಟೀನೋ ಪಿಯಾಟ್ಟಿ ಬಗ್ಗೆ. ಹುಟ್ಟಿದ್ದು 1922. ಬಾಸೆಲ್‌ನಲ್ಲಿ ಫ್ರಿಟ್ಸ್ ಬ್ಯೂಲರ್ ಅವರ ಸ್ಟುಡಿಯೋದಲ್ಲಿ ಕೆಲಸ ಮಾಡಿ, ಆಮೇಲೆ ಸ್ವಂತ ದಾರಿ ಹಿಡಿದವರು. 1961ರಲ್ಲಿ ಜರ್ಮನಿಯಲ್ಲಿ ಡಿಟಿವಿ ಎಂಬ ಪಾಕೆಟ್ ಪುಸ್ತಕದ ಪ್ರಕಾಶನ ಶುರುವಾಯಿತು. ಮುಖಪುಟಗಳ ಕೆಲಸ ಪಿಯಾಟ್ಟಿಗೆ. ಅವರು ಆರಿಸಿದ್ದು ಬಿಳಿ ಹಿನ್ನೆಲೆ, ಎಡಕ್ಕೆ ಜೋಡಿಸಿದ ಆಕ್ಸಿಡೆನ್ಟ್ಸ್ ಗ್ರೊಟೆಸ್ಕ್ ಅಕ್ಷರ, ಅದರ ಜೊತೆ ಒಂದು ಕೈಚಿತ್ರ. ದಪ್ಪ ಕಪ್ಪು ಗೆರೆ, ಒಳಗೆ ತುಂಬಿದ ಬಣ್ಣ. ಮುಂದಿನ ಮೂವತ್ತು ವರ್ಷ ಇದನ್ನೇ ಮಾಡಿದರು. ಆರು ಸಾವಿರಕ್ಕೂ ಜಾಸ್ತಿ ಮುಖಪುಟ!

ಈಗ ಹೇಳಿ, ಪಿಯಾಟ್ಟಿ ಯಾವ ಕಡೆಯವರು? ಅಕ್ಷರ ನೋಡಿದರೆ ಚೌಕಟ್ಟು ಅವರ ಕಡೆ. ಅವರು ಬರೆದ ಗೂಬೆಯ ಚಿತ್ರ ನೋಡಿದರೆ ನಮ್ಮ ಕಡೆ. ಅವರಿಗೆ ಈ ಎರಡು ಕಡೆ ಇದೆ ಅಂತ ಅನ್ನಿಸಿರಲಿಕ್ಕಿಲ್ಲ. ಪುಸ್ತಕದ ಅಂಗಡಿಯಲ್ಲಿ ದೂರದಿಂದ ಬಿಳಿ ಸಾಲು ಕಾಣಬೇಕು, ಹತ್ತಿರ ಬಂದರೆ ಪ್ರತಿ ಪುಸ್ತಕಕ್ಕೂ ಒಂದು ಮುಖ ಇರಬೇಕು. ಗ್ರಿಡ್ ಮೊದಲನೆಯದನ್ನು ಮಾಡಿತು, ಚಿತ್ರ ಎರಡನೆಯದನ್ನು ಮಾಡಿತು. ನಮ್ಮ ಕನ್ನಡ ಪ್ರಕಾಶಕರು ಸರಣಿ ಪುಸ್ತಕ ತರುವಾಗ ಇದನ್ನೊಮ್ಮೆ ನೋಡಲಿ ಅಂತ ನನ್ನ ಆಸೆ.

ಚೌಕಟ್ಟು:

ಪಿಯಾಟ್ಟಿ ವಿಷಯ ಒಪ್ಪುತ್ತೇನೆ. ಆ ಮುಖಪುಟಗಳ ಶಿಸ್ತು ಬಹಳ ದೊಡ್ಡದು.

ರೇಖಾಪ್ರಿಯ ಅವರು ಮೊದಲು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಹೇಳುತ್ತೇನೆ. ಗ್ರಿಡ್ ಯಾಕೆ ಉಳಿಯಿತು? ಅದನ್ನು ಕಲಿಸಿದರು, ಅದಕ್ಕೇ. ಬಾಸೆಲ್‌ನ ಕಸುಬು ಶಾಲೆಯಲ್ಲಿ ಆರ್ಮಿನ್ ಹೋಫ್‌ಮನ್ ಮತ್ತು ಎಮಿಲ್ ರೂಡರ್ 40ರ ದಶಕದಿಂದ ಪಾಠ ಮಾಡಿದರು. ಹೋಫ್‌ಮನ್ ಪುಸ್ತಕ 1965ರಲ್ಲಿ ಬಂತು, ರೂಡರ್ ಪುಸ್ತಕ 1967ರಲ್ಲಿ. ಜ್ಯೂರಿಕ್‌ನಲ್ಲಿ ಮ್ಯೂಲರ್-ಬ್ರೋಕ್‌ಮನ್ ಮತ್ತು ಮೂವರು ಗೆಳೆಯರು 1958ರಲ್ಲಿ ನೊಯೆ ಗ್ರಾಫಿಕ್ ಎಂಬ ಪತ್ರಿಕೆ ಶುರು ಮಾಡಿದರು. ಮೂರು ಭಾಷೆಯಲ್ಲಿ ಬರುತ್ತಿತ್ತು. ಒಂದು ವಿಷಯವನ್ನು ನಿಯಮವಾಗಿ ಬರೆದಿಟ್ಟರೆ ಅದು ಹಡಗು ಹತ್ತುತ್ತದೆ.

ನಮ್ಮ ದೇಶಕ್ಕೂ ಹಾಗೇ ಬಂತು. ಅಹಮದಾಬಾದಿನ ರಾಷ್ಟ್ರೀಯ ಡಿಸೈನ್ ಸಂಸ್ಥೆ, ಎನ್‌ಐಡಿ, 1961ರಲ್ಲಿ ಶುರುವಾಯಿತು. 1965ರಲ್ಲಿ ಹೋಫ್‌ಮನ್ ಅಲ್ಲಿಗೆ ಬಂದು ಪಾಠ ಮಾಡಿದರು. ಯೂನಿವರ್ಸ್ ಅಕ್ಷರ ಮಾಡಿದ ಆಡ್ರಿಯನ್ ಫ್ರೂಟಿಗರ್ ಕೂಡ 60ರ ದಶಕದಲ್ಲಿ ಅಲ್ಲಿಗೆ ಬಂದು ದೇವನಾಗರಿ ಅಕ್ಷರದ ಕೆಲಸ ಮಾಡಿದರು. ನಮ್ಮ ಡಿಸೈನ್ ಶಿಕ್ಷಣದ ತಳಪಾಯದಲ್ಲಿ ಬಾಸೆಲ್ ಇದೆ. ಆದರೆ ಶಾಲೆಯ ಬಾಸೆಲ್ ಮಾತ್ರ ಬಂತು. ಬೀದಿಯ ಬಾಸೆಲ್ ಬರಲಿಲ್ಲ.

ರೇಖಾಪ್ರಿಯ:

ನಿಮ್ಮ ಈ ಉತ್ತರ ನನಗೆ ತುಂಬಾ ಸರಿ ಅನ್ನಿಸಿತು. ಇದಕ್ಕೆ ಅಚ್ಚುಮನೆ ಸರ್ ಹೇಳಿದ್ದನ್ನು ಸೇರಿಸಿದರೆ ಚಿತ್ರ ಪೂರ್ತಿಯಾಗುತ್ತದೆ. ಲೊಯ್ಪಿನ್ ತರಹದವರ ವಿದ್ಯೆಯ ಅರ್ಧ ಅವರ ಕೈಯಲ್ಲಿತ್ತು, ಅರ್ಧ ಅಚ್ಚುಮನೆಯ ಕಲ್ಲಿನ ಕೆಲಸಗಾರನ ಕೈಯಲ್ಲಿತ್ತು. ಇಬ್ಬರೂ ಪಠ್ಯಪುಸ್ತಕ ಬರೆಯಲು ಹೋಗಲಿಲ್ಲ. 60ರ ದಶಕದಲ್ಲಿ ಆಫ್‌ಸೆಟ್ ಎಲ್ಲೆಡೆ ಹರಡಿತು, ಬಣ್ಣದ ಫೋಟೋ ಅಗ್ಗವಾಯಿತು, ಜಾಹೀರಾತು ಏಜೆನ್ಸಿಗಳು ದೊಡ್ಡದಾದವು. ಕಲ್ಲುಗಳು ಮೂಲೆ ಸೇರಿದವು. ಕೆಲಸಗಾರನ ಜೊತೆಗೇ ಕೆಲಸದ ತಿಳಿವಳಿಕೆ ಹೋಯಿತು.

ಹೋಫ್‌ಮನ್ ಬಗ್ಗೆ ನನಗೂ ಅಪಾರ ಗೌರವ ಇದೆ. 1959ರ ಅವರ ಜಿಸೆಲ್ ಬ್ಯಾಲೆ ಪೋಸ್ಟರ್ ಕಪ್ಪು ಬಿಳುಪಿನಲ್ಲಿ, ಗಿರಗಿರ ತಿರುಗುವ ನರ್ತಕಿ, ಪಕ್ಕದಲ್ಲಿ ನೆಟ್ಟಗೆ ನಿಂತ ಅಕ್ಷರಗಳು. ಸುತ್ತ ಬಣ್ಣದ ಪೋಸ್ಟರ್‌ಗಳ ನಡುವೆ ಅದು ನಿಂತಿದ್ದನ್ನು ಕಲ್ಪಿಸಿಕೊಳ್ಳಿ. ಆ ಕಪ್ಪು ಬಿಳುಪಿಗೆ ಅಷ್ಟು ಶಕ್ತಿ ಬಂದದ್ದು ಪಕ್ಕದಲ್ಲಿ ಗಿಳಿ, ಬಾಟಲಿ, ಸರ್ಕಸ್ ಕೋಡಂಗಿ ಇದ್ದದ್ದರಿಂದಲೂ ಹೌದು. ನಾವು ಅದನ್ನು ಪುಸ್ತಕದ ಬಿಳಿ ಹಾಳೆಯ ಮೇಲೆ ಒಂಟಿಯಾಗಿ ನೋಡುತ್ತೇವೆ. ಅಲ್ಲಿನ ಜನ ಅದನ್ನು ಸಾಲಿನಲ್ಲಿ ನೋಡಿದರು. ಒಂದನ್ನು ತೆಗೆದು ಇನ್ನೊಂದನ್ನು ಕಲಿಸಿದರೆ ಎರಡೂ ಅರ್ಥವಾಗುವುದಿಲ್ಲ.

ಗದಗಿನ ಅಚ್ಚುಮನೆ:

ಕಲ್ಲುಗಳು ಮೂಲೆ ಸೇರಿದವು ಅಂದಿರಿ. ಆ ಕಲ್ಲನ್ನು ಉಜ್ಜಿ ಮತ್ತೆ ಬಳಸುವುದು ಪದ್ಧತಿ. ಒಂದು ಪೋಸ್ಟರಿನ ಕೆಲಸ ಮುಗಿದ ಮೇಲೆ ಮೇಲ್ಪದರ ತಿಕ್ಕಿ, ಮುಂದಿನ ಚಿತ್ರಕ್ಕೆ ಸಿದ್ಧ ಮಾಡುತ್ತಾರೆ. ಹಾಗಾಗಿ ಮೂಲ ಉಳಿಯುವುದೇ ಇಲ್ಲ. ಉಳಿಯುವುದು ಕಾಗದ ಮಾತ್ರ, ಅದೂ ಮಳೆಗೆ ಬಿಸಿಲಿಗೆ ಸಿಗದೆ ಯಾರೋ ಎತ್ತಿಟ್ಟದ್ದು. ಸಂಗ್ರಹ ಮಾಡಿದವರಿಗೆ ಕೈ ಮುಗಿಯಬೇಕು.

ಹೊಸಪೆನ್ಸಿಲ್:

ಎಲ್ಲರಿಗೂ ಧನ್ಯವಾದ. ನನಗೆ ಈ ಸೆಮಿಸ್ಟರ್‌ನಲ್ಲಿ ಪೋಸ್ಟರ್ ಅಸೈನ್‌ಮೆಂಟ್ ಇದೆ. ಈ ರೀತಿಯಲ್ಲಿ ಮಾಡಬೇಕು ಅಂತ ಆಸೆಯಾಗಿದೆ. ಕಲ್ಲು ಇಲ್ಲ, ದುಡ್ಡೂ ಜಾಸ್ತಿ ಇ‌ಲ್ಲ. ಎಲ್ಲಿಂದ ಶುರು ಮಾಡಲಿ?

ಬಾಲಚಿತ್ರ:

ಒಂದು ವಸ್ತು ಆರಿಸು. ನಿನ್ನ ಮನೆಯಲ್ಲೇ ಇರುವುದು, ನೀನು ದಿನಾ ಮುಟ್ಟುವುದು. ಅದನ್ನು ಫೋಟೋದಿಂದ ನೋಡಿ ಬರೆಯಬೇಡ, ಎದುರಿಗಿಟ್ಟು ಬರೆ. ಬೆಳಕು ಒಂದೇ ಕಡೆಯಿಂದ ಬೀಳಲಿ. ಮೊದಲು ನಾಲ್ಕೈದು ಬೂದು ಛಾಯೆಯಲ್ಲಿ ಬರೆದು ನೋಡು. ಅದು ಕೂತರೆ ಮಾತ್ರ ಬಣ್ಣಕ್ಕೆ ಹೋಗು. ಆಮೇಲೆ ಅದನ್ನು ಹಾಳೆಯಲ್ಲಿ ಇನ್ನೂ ದೊಡ್ಡದು ಮಾಡು. ಇನ್ನೂ. ಹಾಳೆಯ ಅಂಚು ಅದನ್ನು ಕತ್ತರಿಸುವವರೆಗೆ ಹೋಗು, ಹೆದರಬೇಡ.

ಗದಗಿನ ಅಚ್ಚುಮನೆ:

ತಂಗೀ, ಸ್ಕ್ರೀನ್ ಪ್ರಿಂಟಿಂಗ್ ಮಾಡಿಸು. ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಅಂಗಡಿಗಳಲ್ಲಿ ಇನ್ನೂ ಮಾಡುತ್ತಾರೆ. ಅಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್ ಬೇಕು, ಹಾಗಾಗಿ ನೀನೇ ಬಣ್ಣ ಬಿಡಿಸಬೇಕಾಗುತ್ತದೆ. ಟ್ರೇಸಿಂಗ್ ಹಾಳೆ ತಗೊಂಡು, ಒಂದೊಂದು ಬಣ್ಣವನ್ನು ಒಂದೊಂದು ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಕೈಯಲ್ಲೇ ಬರೆ. ನಾಲ್ಕು ಮೂಲೆಗೂ ರಿಜಿಸ್ಟರ್ ಗುರುತು ಹಾಕಲು ಮರೆಯಬೇಡ. ಮೂರು ಬಣ್ಣಕ್ಕಿಂತ ಜಾಸ್ತಿ ಇಟ್ಟುಕೊಳ್ಳಬೇಡ. ಒಂದರ ಮೇಲೊಂದು ಬಿದ್ದ ಕಡೆ ನಾಲ್ಕನೇ ಬಣ್ಣ ತಾನಾಗಿಯೇ ಬರುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿಕೋ. ತೆಳು ಬಣ್ಣ ಮೊದಲು, ಕಪ್ಪು ಕೊನೆಗೆ. ಅಂಗಡಿಯವರ ಪಕ್ಕದಲ್ಲೇ ನಿಂತು ಇಂಕು ಕಲಸುವುದನ್ನು ನೋಡು.

ರೈನ್ ತೀರ:

ಅಳತೆಗೆ ಒಂದು ಸುಲಭ ದಾರಿ ಇದೆ. 90.5ಕ್ಕೆ 128 ಅನ್ನುವುದು ನಮ್ಮ ಎ4 ಹಾಳೆಯದ್ದೇ ಅನುಪಾತ. ಹಾಗಾಗಿ ಎ4ನಲ್ಲಿ ಸ್ಕೆಚ್ ಮಾಡಿ, ಎ2ಗೆ ಅಥವಾ ಎ1ಗೆ ಹಿಗ್ಗಿಸಬಹುದು. ಏನೂ ಕತ್ತರಿಸಿ ಹೋಗುವುದಿಲ್ಲ. ಗೋಡೆಗೆ ಅಂಟಿಸಿ ರಸ್ತೆಯ ಆಚೆ ಬದಿಯಷ್ಟು ದೂರ ನಿಂತು ನೋಡಿ. ಹೆಸರು ಓದಲು ಬರದಿದ್ದರೆ ಅಕ್ಷರ ದೊಡ್ಡದು ಮಾಡುವ ಬದಲು ಬೇರೆ ಏನನ್ನಾದರೂ ತೆಗೆಯಿರಿ.

ಮೂಲ ಪೋಸ್ಟರ್‌ಗಳನ್ನು ನೋಡಲು ಜ್ಯೂರಿಕ್‌ನ ಡಿಸೈನ್ ಮ್ಯೂಸಿಯಂನ ಆನ್‌ಲೈನ್ ಸಂಗ್ರಹಕ್ಕೆ ಹೋಗಿ. ಅಲ್ಲಿ ಮೂರು ಲಕ್ಷಕ್ಕೂ ಜಾಸ್ತಿ ಪೋಸ್ಟರ್‌ಗಳಿವೆ, ಎಲ್ಲವೂ ಅಲ್ಲದಿದ್ದರೂ ಬಹಳಷ್ಟು ಕಾಣಸಿಗುತ್ತವೆ. ಬಾಸೆಲ್‌ನ ಡಿಸೈನ್ ಶಾಲೆಯಲ್ಲೂ ದೊಡ್ಡ ಪೋಸ್ಟರ್ ಸಂಗ್ರಹ ಇದೆ. ಹುಡುಕುವಾಗ ಕಲಾವಿದರ ಹೆಸರಿನ ಜೊತೆ ಅಚ್ಚುಮನೆಯ ಹೆಸರನ್ನೂ ಹಾಕಿ ನೋಡಿ. ವಾಸರ್‌ಮನ್ ಅಂತ ಹುಡುಕಿದರೆ ಈ ಚರ್ಚೆಯಲ್ಲಿ ಬಾರದ ಎಷ್ಟೋ ಚಿತ್ರಗಾರರು ಸಿಗುತ್ತಾರೆ.

ರೇಖಾಪ್ರಿಯ:

ಹೊಸಪೆನ್ಸಿಲ್, ಮುಗಿದ ಮೇಲೆ ಪೋಸ್ಟರನ್ನೂ, ನೀನು ಬಿಡಿಸಿದ ಬಣ್ಣದ ಹಾಳೆಗಳನ್ನೂ ಇಲ್ಲೇ ಹಾಕು. ಅಂಗಡಿಯಲ್ಲಿ ಸ್ಕ್ರೀನ್ ಎಳೆದವರ ಹೆಸರು ಕೇಳಿ, ಅವರು ಒಪ್ಪಿದರೆ ಪೋಸ್ಟರಿನ ಅಂಚಿನಲ್ಲಿ ನಿನ್ನ ಹೆಸರಿನ ಪಕ್ಕದಲ್ಲೇ ಅದನ್ನೂ ಬರೆ.